ವಿಮಾನ ಇಳಿಯೋ ಮುಂದ "ಫಿಫ್ಟಿ, ಫಾರ್ಟಿ, ಥರ್ಟಿ" ಅಂತದಲ್ಲ, ಅದಕ್ಕ ಎತ್ತರ ಹೆಂಗ ಗೊತ್ತಾಗ್ತದ?

ಸೇಡಂ_ರೋಡ್ (ಕಲಬುರಗಿ)

ಎಲ್ಲರಿಗೂ ಶರಣ್ರಿ. ಹೋದ ತಿಂಗಳ ನಮ್ಮ ಅಪ್ಪಗ ಮೊದಲ ಸಲ ವಿಮಾನದಾಗ ಕರ್ಕೊಂಡು ಹೋಗಿದ್ದೆ, ವಾಪಸ್ ಬರೋ ಮುಂದ ಅಪ್ಪಗ ಕಿಡಕಿ ಸೀಟ್ ಸಿಕ್ಕಿತ್ತು, ನಮ್ಮ ಶ್ರೀನಿವಾಸ ಸರಡಗಿ ಏರ್‌ಪೋರ್ಟಿಗೆ ಇಳೀಲಕತ್ತಾಗ ನನ್ನ ರಟ್ಟಿ ಗಟ್ಟಿ ಹಿಡ್ಕೊಂಡು "ಏ, ತೊಗರಿ ಹೊಲದಾಗೇ ಇಳಿಸ್ತಾನೇನೋ ಇಂವ" ಅಂದ. ಮನಿಗೆ ಬಂದ ಮ್ಯಾಲ ಯೂಟ್ಯೂಬ್‌ನಾಗ ಪೈಲಟ್ ಕೂಡೋ ಜಾಗದ ವಿಡಿಯೋ ತೋರ್ಸಿದೆ, ಅದರಾಗ ಒಂದು ದನಿ "ಹಂಡ್ರೆಡ್, ಫಿಫ್ಟಿ, ಫಾರ್ಟಿ, ಥರ್ಟಿ, ಟ್ವೆಂಟಿ, ಟೆನ್" ಅಂತ ಎಣಿಸ್ತದ. ಅಪ್ಪ ಕೇಳ್ದ, "ಯಾರೋ ಅದು ಎಣಿಸ್ಲಕತ್ತಾರ, ಕೆಳಗ ಟೇಪ್ ಹಿಡ್ಕೊಂಡು ಕೂತಾರೇನು?" ನನಗ ಉತ್ತರ ಬರ್ಲಿಲ್ಲ.

ನನ್ನ ಫೋನ್‌ನಾಗ ಬ್ಯಾರೋಮೀಟರ್ ಆ್ಯಪ್ ಅದ. ಮನ್ಯಾಗ ಟೇಬಲ್ ಮ್ಯಾಲ ಇಟ್ಟು ನೋಡಿದ್ರ ಮುಂಜಾನಿ ಒಂದು ಎತ್ತರ ತೋರಸ್ತದ, ಸಂಜಿ ನಾಕಕ್ಕ ನೋಡಿದ್ರ ಮನಿ 25 ಮೀಟರ್ ಮ್ಯಾಲ ಏರಿರ್ತದ. ಹಿಂಗಿದ್ರ ವಿಮಾನಕ್ಕ 10 ಫೂಟ್ ಅಂತ ಖರೇ ಹೆಂಗ ತಿಳೀತದ? ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳ್ರಿ, ಅಪ್ಪಗ ಹೇಳ್ಬೇಕು.

ಜೋಳದ_ರೊಟ್ಟಿ

ಜಿಪಿಎಸ್ ಇರ್ತದ ಬ್ರದರ್ ಅಷ್ಟೇ. ಅದ್ರಾಗ ಏನದ ಇಷ್ಟು ದೊಡ್ಡದು.

ಬಿದ್ರಿ_ಕಾಕಾ (ಬೀದರ)

ತಮ್ಮಾ, ನಿಮ್ಮ ಅಪ್ಪಾರು ಕೇಳಿದ್ದು ಬರಾಬರ್ ಅದ. ನಾ ಮೂವತ್ತು ವರ್ಷ ವಿಮಾನದ ರೇಡಿಯೋ, ರಡಾರ್ ಡಬ್ಬಿ ಬಿಚ್ಚೋದು ಕೂಡಿಸೋದು ಇದೇ ಕೆಲಸ ಮಾಡೀನಿ, ಈಗ ರಿಟೈರ್ ಆಗಿ ಮೊಮ್ಮಕ್ಕಳ ರಿಮೋಟ್ ಕಾರ್ ರಿಪೇರಿ ಮಾಡ್ಕೋತ ಕೂತೀನಿ, ಹಿಂಗಾಗಿ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ.

ಮೊದಲ ಜಿಪಿಎಸ್ ಮಾತು ಮುಗಿಸ್ತೀನಿ. ವಿಮಾನದಾಗ ಜಿಪಿಎಸ್ ಇರ್ತದ, ಇಲ್ಲ ಅನ್ನಲ್ಲ. ಆದ್ರ ಅದು ಹೇಳೋ ಎತ್ತರ ಭೂಮಿದು ಒಂದು ಲೆಕ್ಕದ ಅಂಡಾಕಾರ ಮಾಡ್ಯಾರಲ್ಲ, ಅದರಿಂದ ಹೇಳ್ತದ. ಖರೇ ಸಮುದ್ರಮಟ್ಟಕ್ಕೂ ಅದಕ್ಕೂ ನಮ್ಮ ದಕ್ಷಿಣ ಭಾರತದಾಗ ಹತ್ತಾರು ಮೀಟರ್ ಫರಕ್. ಆ ಫರಕ್ ತಿದ್ದಿದ್ರೂ ಕೆಳಗ ನೆಲ ಎಲ್ಲದ ಅಂತ ಜಿಪಿಎಸ್‌ಗೆ ಏನ್ ಗೊತ್ತು? ಅದು ಆಕಾಶದ ಕಡಿ ಮಾರಿ ಮಾಡಿ ಕೂತಿರ್ತದ.

ನಿನ್ನ ಫೋನ್‌ನಾಗ ಇರೋದು ಗಾಳಿ ಒತ್ತಡ ಅಳಿಯೋದು. ವಿಮಾನದಾಗೂ ಅದೇ ಮುಖ್ಯ ಆಲ್ಟಿಮೀಟರ್ (ಎತ್ತರ ತೋರಸೋ ಮೀಟರ್), ಮ್ಯಾಲ ಹಾರೋವಾಗ ಎಲ್ಲಾರೂ ಅದನ್ನೇ ನಂಬ್ತಾರ. ಮ್ಯಾಲ ಹೋದಂಗ ಒತ್ತಡ ಕಡಿಮಿ, ಒಂದು ಮಿಲಿಬಾರ್ (ಒತ್ತಡದ ಅಳತಿ) ಕಡಿಮಿ ಆದ್ರ ಸುಮಾರು 30 ಫೂಟ್ ಮ್ಯಾಲ ಬಂದಿ ಅಂತ ಲೆಕ್ಕ. ಸಂಜಿಮುಂದ ನಮ್ಮ ಕಡಿ ಒತ್ತಡ ಮೂರು ಮಿಲಿಬಾರ್ ತನ ಇಳೀತದ, ಅದಕ್ಕೇ ನಿನ್ನ ಮನಿ 25 ಮೀಟರ್ ಏರಿದ್ದು, ಫೋನ್ ಕೆಟ್ಟಿಲ್ಲ. ವಿಮಾನದಾಗ ಏನ್ ಮಾಡ್ತಾರಂದ್ರ ಇಳಿಯೋ ಊರಿಂದ ಆ ಹೊತ್ತಿನ ಒತ್ತಡ ಕೇಳ್ಕೊಂಡು ಗುಂಡಿ ತಿರುವಿ ಹೊಂದಿಸ್ತಾರ. 10 ಮಿಲಿಬಾರ್ ತಪ್ಪು ಹೊಂದಿಸಿದ್ರ 300 ಫೂಟ್ ತಪ್ಪು. ಇಷ್ಟಾದ್ರೂ ಅದು ಹೇಳೋದು ಸಮುದ್ರದಿಂದ ಎಷ್ಟು ಮ್ಯಾಲ ಇದ್ದಿ ಅಂತ. ಕಲಬುರಗಿ ನೆಲಾನೇ ಸಮುದ್ರಕ್ಕಿಂತ ಸುಮಾರು 1,500 ಫೂಟ್ ಮ್ಯಾಲದ, ನಮ್ಮ ಬೀದರ 2,200ರ ಹತ್ರ. ಗಾಲಿ ರನ್‌ವೇಗೆ ಮುಟ್ಟಿದ ಮ್ಯಾಲೂ ಆ ಮುಳ್ಳು ಸೊನ್ನಿ ತೋರಸಂಗಿಲ್ಲ.

ನೀ ಕೇಳಿದ "ಫಿಫ್ಟಿ, ಫಾರ್ಟಿ" ಬ್ಯಾರೆ ಡಬ್ಬಿದು. ಅದಕ್ಕ ರೇಡಿಯೋ ಆಲ್ಟಿಮೀಟರ್ ಅಂತಾರ. ವಿಮಾನದ ಹೊಟ್ಟಿ ಕೆಳಗ ಎರಡು ಸಣ್ಣ ಆಂಟೆನಾ ಇರ್ತಾವ, ಒಂದು ಕೆಳಗ ರೇಡಿಯೋ ಬಿಡ್ತದ, ಇನ್ನೊಂದು ನೆಲಕ್ಕ ಬಡ್ದು ಬಂದಿದ್ದು ಹಿಡೀತದ. ಪವರ್ ಏನ್ ಭಾಳಿಲ್ಲ, ಒಂದು ವ್ಯಾಟ್‌ಗಿಂತ ಕಡಿಮಿ. ಫ್ರೀಕ್ವೆನ್ಸಿ 4,200ರಿಂದ 4,400 ಮೆಗಾಹರ್ಟ್ಜ್, ಇಡೀ ಜಗತ್ತಿನಾಗ ಇದೇ. 2,500 ಫೂಟಿಂದ ಕೆಳಗ ಬಂದ ಮ್ಯಾಲಷ್ಟೇ ಇದು ನಂಬರ್ ಕೊಡ್ತದ, ಮ್ಯಾಲಿದ್ದಾಗ ಸುಮ್ನ ಕೂತಿರ್ತದ.

ಈಗ ಖರೇ ಮಜಾ ಇರೋದು ಇಲ್ಲಿ. ಎಲ್ಲಾರೂ "ರೇಡಿಯೋ ಹೋಗಿ ಬರೋ ಟೈಮ್ ಅಳೀತದ" ಅಂತ ಹೇಳಿ ಮುಗಿಸ್ತಾರ. ಆದ್ರ ರೇಡಿಯೋ ಒಂದು ನ್ಯಾನೋಸೆಕೆಂಡಿಗೆ ಸುಮಾರು ಒಂದು ಫೂಟ್ ಓಡ್ತದ, ನ್ಯಾನೋಸೆಕೆಂಡ್ ಅಂದ್ರ ಸೆಕೆಂಡಿನ ನೂರು ಕೋಟಿ ಪಾಲಿನಾಗ ಒಂದು. 10 ಫೂಟ್ ಎತ್ತರ ಅಂದ್ರ ಹೋಗಿ ಬರೋದು 20 ನ್ಯಾನೋಸೆಕೆಂಡ್. ಅದನ್ನ ಗಡಿಯಾರ ಇಟ್ಟು ಎಣಿಸೋದು ಇವತ್ತೂ ಸಸ್ತಾ ಕೆಲಸ ಅಲ್ಲ, ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಲಾಯ್ಡ್ ಎಸ್ಪೆನ್‌ಶೀಡ್ ಇದರ ಐಡಿಯಾ ಮಾಡಿದ್ದು 1924ರಾಗ, ವಿಮಾನದಾಗ ಕೂಡಿಸಿ ತೋರ್ಸಿದ್ದು 1938ರಾಗ, ಆಗ ಎಲ್ಲಿಂದ ತರ್ತಿದ್ರು ಅಂಥ ಗಡಿಯಾರ?

ಅದಕ್ಕ ಒಂದು ಶಾಣೆ ಉಪಾಯ ಮಾಡ್ಯಾರ. ನಾವು ಸಣ್ಣವರಿದ್ದಾಗ ನೌಬಾದ್ ಕಡಿ ಕರೇಜ್ (ನೆಲದೊಳಗಿನ ಹಳೇ ನೀರಿನ ಸುರಂಗ) ಬಾವಿ ಬಾಯಾಗ ತೆಲಿ ಹಾಕಿ ಒದರ್ತಿದ್ವಿ. ಒಂದೇ ದನಿಲೆ "ಓ" ಅಂತ ಎಳದ್ರ ತಿರುಗಿ ಬರೋದೂ ಅದೇ "ಓ", ಯಾವುದು ನಂದು ಯಾವುದು ಬಾವಿದು ಗೊತ್ತೇ ಆಗಂಗಿಲ್ಲ. ಆದ್ರ ದನಿ ಒಂದೇ ಸಮ ಏರಿಸ್ಕೋತ ಹೋದಿ ಅಂತ ತಿಳ್ಕೋ, ಸಾ ಇಂದ ಮ್ಯಾಲ ಜಾರಸ್ಕೋತ. ನೀ "ಪ" ಮುಟ್ಟೋ ಹೊತ್ತಿಗೆ ಕೆಳಗಿಂದ ಬರೋ ದನಿ ಇನ್ನೂ "ಗ"ದಾಗೇ ಇರ್ತದ, ಯಾಕಂದ್ರ ಅದು ಸ್ವಲ್ಪ ಹಿಂದ ನೀ ಬಿಟ್ಟಿದ್ದು. ಬಾವಿ ಆಳ ಇದ್ದಷ್ಟು ಈ ಎರಡು ದನಿ ನಡುವಿನ ಅಂತರ ಹೆಚ್ಚು. ಟೈಮ್ ಅಳಿಯೋದೇ ಬ್ಯಾಡ, ಸ್ವರದ ಅಂತರ ಕೇಳಿದ್ರ ಮುಗೀತು.

ರೇಡಿಯೋ ಆಲ್ಟಿಮೀಟರ್ ಮಾಡೋದು ಇದೇ. ಫ್ರೀಕ್ವೆನ್ಸಿ ಒಂದೇ ಸಮ ಏರಸ್ತದ, ಮತ್ತ ಇಳಸ್ತದ, ಸೆಕೆಂಡಿಗೆ ಎಷ್ಟೋ ಸಲ. ಲೆಕ್ಕಕ್ಕಂತ ಹಿಡ್ಕೋ, 10 ಮಿಲಿಸೆಕೆಂಡಿನಾಗ 100 ಮೆಗಾಹರ್ಟ್ಜ್ ಏರ್ತದ. 100 ಫೂಟ್ ಮ್ಯಾಲಿದ್ದಾಗ ಸಿಗ್ನಲ್ ಹೋಗಿ ಬರ್ಲಿಕ್ಕ 203 ನ್ಯಾನೋಸೆಕೆಂಡ್, ಅಷ್ಟ್ರಾಗ ಬಿಡೋ ಫ್ರೀಕ್ವೆನ್ಸಿ 2,030 ಹರ್ಟ್ಜ್ ಮುಂದ ಹೋಗಿರ್ತದ. ಹೋಗೋದು ಬರೋದು ಎರಡನ್ನೂ ಕೂಡಿಸಿದ್ರ ಈ 2,030 ಹರ್ಟ್ಜ್ ಅಂತರ ಬ್ಯಾರೆಯಾಗಿ ಹೊರಗ ಬೀಳ್ತದ. ಇದು ಕಿವಿಗೆ ಕೇಳೋ ಸೀಟಿ ನೋಡು! ಸ್ಪೀಕರ್ ಹಚ್ಚಿದ್ರ ವಿಮಾನ ಇಳಿದಂಗ ಸೀಟಿ ದಪ್ಪ ಆಗ್ಕೋತ ಬರ್ತದ, 10 ಫೂಟಿಗೆ 203 ಹರ್ಟ್ಜ್, ಹಾರ್ಮೋನಿಯಂದಾಗ ಕೆಳಗಿನ ಸ್ವರ ಇದ್ದಂಗ. ನ್ಯಾನೋಸೆಕೆಂಡ್ ಎಣಿಸೋ ಬದ್ಲು ಸೀಟಿ ಎಣಿಸೋದು, ಇಷ್ಟೇ ಗುಟ್ಟು. ಏರಸೋದೂ ಇಳಸೋದೂ ಯಾಕಂದ್ರ ವಿಮಾನ ಕೆಳಗ ಬರ್ಲತ್ತಿರ್ತದಲ್ಲ, ಆ ವೇಗದ್ದೊಂದು ಸಣ್ಣ ಫರಕ್ ಬೀಳ್ತದ, ಟ್ರೇನ್ ಹತ್ರ ಬರೋ ಮುಂದ ಹಾರ್ನ್ ದನಿ ಏರ್ತದಲ್ಲ ಹಂಗ. ಏರೋವಾಗ ಒಂದು ಕಡಿ ತಪ್ಪು ಆದ್ರ ಇಳಿಯೋವಾಗ ಇನ್ನೊಂದು ಕಡಿ ತಪ್ಪು, ಎರಡರ ಸರಾಸರಿ ತಗೊಂಡ್ರ ತಪ್ಪು ಹೋಗ್ತದ.

ಜೋಳದ_ರೊಟ್ಟಿ

ಆಯ್ತು ಕಾಕಾ ನನ್ನ ಜಿಪಿಎಸ್ ವಾಪಸ್ ತಗೊಂಡೆ 😂 ಸ್ವರದ ಮಾತು ತೆಲ್ಯಾಗ ಕೂತ್ತು.

ಮಳಖೇಡ_ಎಕ್ಸ್‌ಪ್ರೆಸ್

ಎತ್ತರ ಅಳಿಯೋದು ಇರ್ಲಿ, ಟಿಕೀಟ್ ರೇಟ್ ಯಾವ ಮೀಟರ್‌ನಾಗ ಅಳೀತಾರ ಹೇಳ್ರಿ ಮೊದಲ.

ಸೇಡಂ_ರೋಡ್ (ಕಲಬುರಗಿ)

ಕಾಕಾ ಎಷ್ಟು ಚಂದ ಹೇಳಿದ್ರಿ, ಎರಡು ಸಲ ಓದಿದೆ. ಒಂದು ಅನುಮಾನ ಉಳೀತು. ಆಂಟೆನಾ ಹೊಟ್ಟಿ ಕೆಳಗ ಅದ, ಗಾಲಿ ಅದಕ್ಕಿಂತ ಕೆಳಗ ಇರ್ತಾವ. ಗಾಲಿ ನೆಲಕ್ಕ ಮುಟ್ಟಿದ್ರೂ ಆಂಟೆನಾಕ್ಕ ಇನ್ನೂ ಆರೇಳು ಫೂಟ್ ಬಾಕಿ ಅದ ಅನಿಸ್ತದಲ್ಲ? ಮತ್ತ ಆಂಟೆನಾದಿಂದ ಡಬ್ಬಿ ತನ ವೈರ್ ಇರ್ತದ, ಆ ವೈರ್‌ನಾಗ ಸಿಗ್ನಲ್ ಓಡೋ ಟೈಮ್ ಲೆಕ್ಕಕ್ಕ ಬರಂಗಿಲ್ಲೇನು?

ಬಿದ್ರಿ_ಕಾಕಾ (ಬೀದರ)

ಶಭಾಷ್ ತಮ್ಮಾ, ನಮ್ಮ ಟ್ರೇನಿಂಗ್‌ನಾಗ ಈ ಪ್ರಶ್ನಿ ಕೇಳಿದವ್ರು ಕಡಿಮಿ. ಬರ್ತದ, ಬರಾಬರ್ ಬರ್ತದ. ವೈರ್‌ನಾಗ ಸಿಗ್ನಲ್ ಗಾಳಿಗಿಂತ ನಿಧಾನ ಓಡ್ತದ, ಹಿಂಗಾಗಿ ಹತ್ತು ಫೂಟ್ ವೈರ್ ಹತ್ತಕ್ಕಿಂತ ಹೆಚ್ಚೇ ಲೆಕ್ಕ ಆಗ್ತದ. ಡಬ್ಬಿ ಕೂಡಿಸೋ ಮುಂದ ವೈರ್ ಎಷ್ಟು ಉದ್ದ, ಆಂಟೆನಾ ನೆಲದಿಂದ ಎಷ್ಟು ಎತ್ತರ, ಎರಡೂ ಸೇರಿಸಿ ಇಷ್ಟು ಫೂಟ್ ಕಳೀಬೇಕು ಅಂತ ಹೊಂದಿಸಿ ಇಡ್ತಾರ. ಅದಕ್ಕ ಆ ವೈರ್ ಕೆಟ್ರ ಕೈಗೆ ಸಿಕ್ಕಷ್ಟು ಉದ್ದದ್ದು ಕತ್ತರಿಸಿ ಹಾಕೋ ಹಂಗೇ ಇಲ್ಲ, ಬರ್ದಿಟ್ಟಷ್ಟೇ ಉದ್ದ ಇರ್ಬೇಕು. ಒಬ್ಬ ಹೊಸ ಹುಡುಗ ಉಳಿದ ವೈರ್ ಚಂದಾಗಿ ಸುತ್ತಿ ಕಟ್ಟಿದ್ದು ನೋಡಿ "ಇದು ವೇಸ್ಟ್ ಅದ ಕತ್ತರಿಸ್ಲೇನು ಸರ್" ಅಂದಿದ್ದ, ನನ್ನ ಎದಿ ಧಸಕ್ ಅಂದಿತ್ತು.

ಸೊನ್ನಿ ಎಲ್ಲಿ ಇಡ್ತಾರ ಅಂದ್ರ, ಇಳಿಯೋ ಮುಂದ ವಿಮಾನ ಮೂಗು ಎತ್ತಿರ್ತದಲ್ಲ, ಆ ಹೊತ್ತಿಗೆ ಹಿಂದಿನ ದೊಡ್ಡ ಗಾಲಿ ನೆಲಕ್ಕ ಮುಟ್ಟಿದ್ದೇ ಸೊನ್ನಿ. ಆಮ್ಯಾಲ ಮೂಗು ಕೆಳಗ ಬರ್ತದ, ಗಾಲಿ ಮ್ಯಾಲಿನ ಶಾಕ್ ದಬ್ಬಿಸ್ಕೋತದ, ಆಂಟೆನಾ ಇನ್ನೂ ಕೆಳಗ ಇಳೀತದ. ಹಿಂಗಾಗಿ ನಿಂತ ವಿಮಾನದಾಗ ನೋಡಿದ್ರ ಮೈನಸ್ ನಂಬರ್ ತೋರಸ್ತದ, ಮೈನಸ್ 2, ಮೈನಸ್ 4, ದೊಡ್ಡ ವಿಮಾನ ಇದ್ರ ಇನ್ನೂ ಕೆಳಗ. ಹೊಸಬ್ರು ನೋಡಿ ವಿಮಾನ ನೆಲದಾಗ ಹುಗದದ ಅಂತ ನಗ್ತಾರ.

ಆ ಮೈನಸ್ ನಂಬರ್ ನಗೋ ವಿಷಯ ಅಷ್ಟೇ ಅಲ್ಲ ಮತ್ತ. 2009 ಫೆಬ್ರವರಿ 25ಕ್ಕ ಟರ್ಕಿಶ್ ಏರ್‌ಲೈನ್ಸ್‌ದು ಬೋಯಿಂಗ್ 737-800, ಫ್ಲೈಟ್ 1951, ಇಸ್ತಾನ್‌ಬುಲ್‌ನಿಂದ ಆಮ್‌ಸ್ಟರ್‌ಡಾಮ್‌ಗೆ ಇಳೀಲತ್ತಿತ್ತು. ಎಡಗಡಿ ರೇಡಿಯೋ ಆಲ್ಟಿಮೀಟರ್ ಕೆಟ್ಟು, ವಿಮಾನ ಸುಮಾರು 1,950 ಫೂಟ್ ಮ್ಯಾಲಿದ್ರೂ ಮೈನಸ್ 8 ಅಂತು. ಅಂದ್ರ ನೆಲಕ್ಕ ಮುಟ್ಟಿ ನಿಂತಂಗ. ಎಂಜಿನ್ ಪವರ್ ಹಿಡಿಯೋ ಆಟೋಥ್ರಾಟಲ್ ಎಡಗಡಿದನ್ನೇ ನಂಬ್ತಿತ್ತು, "ಹೋ, ಇಳ್ದೀವಿ" ಅಂತ ಪವರ್ ಪೂರ್ತಿ ಕಡಿಮಿ ಮಾಡಿಬಿಡ್ತು. ಆಟೋಪೈಲಟ್ ಬಲಗಡಿದನ್ನ ನಂಬ್ತಿತ್ತು, ಅದು ಬರಾಬರ್ ಇತ್ತು, ಅದು ದಾರಿ ಬಿಡಬಾರ್ದು ಅಂತ ಮೂಗು ಎತ್ಕೋತ ಹೋಯ್ತು. ಒಂದು ಎತ್ತಿನ ಹಗ್ಗ ಬಿಟ್ಟು ಇನ್ನೊಂದನ್ನ ಜಗ್ಗಿದಂಗ ಆಯ್ತು. ಸ್ಪೀಡ್ ಬೀಳ್ತಿರೋದು ಪೈಲಟ್‌ಗಳು ಹೊತ್ತಿಗೆ ಸರಿಯಾಗಿ ನೋಡ್ಲಿಲ್ಲ, 460 ಫೂಟ್ ಹತ್ರ ಎಚ್ಚರಿಕಿ ಬಂತು, ಅಷ್ಟೊತ್ತಿಗೆ ಉಳಿದಿದ್ದ ಎತ್ತರ ಸಾಲ್ಲಿಲ್ಲ. ರನ್‌ವೇಗಿಂತ ಒಂದೂವರೆ ಕಿಲೋಮೀಟರ್ ಮೊದಲೇ ಹೊಲದಾಗ ಬಿತ್ತು. 135 ಮಂದಿಯಾಗ 9 ಮಂದಿ ಹೋದ್ರು, ಮೂರೂ ಪೈಲಟ್ ಸಹಿತ. ಆ ವಿಮಾನದಾಗ ಅದಕ್ಕಿಂತ ಮೊದಲಿನ ಹಾರಾಟದಾಗೂ ಇದೇ ದೋಷ ಕಂಡಿತ್ತು. ಪವರ್ ಬೀಳೋಕ್ಕಿಂತ ಮೊದಲ ಪರದಿ ಮ್ಯಾಲ ಮೈನಸ್ 8 ಕಾಣ್ಲತ್ತಿತ್ತು, ಅದೇ ನನಗ ಇವತ್ತಿಗೂ ಚುಚ್ಚೋದು. ಸಣ್ಣ ನಂಬರ್, ದಿನಾ ನಿಂತ ವಿಮಾನದಾಗ ನೋಡೋ ಅಂಥಾದ್ದೇ.

ಭೀಮಾ_ದಂಡಿ (ಯಾದಗಿರಿ)

ಕಾಕಾರ, ಓದಿ ಸುಮ್ನಾದೆ. ನಾನು ಎಂಜಿನಿಯರಿಂಗ್ ಇಸಿ (ಎಲೆಕ್ಟ್ರಾನಿಕ್ಸ್) ಬ್ರಾಂಚ್ ಮೂರನೇ ವರ್ಷ, ಎಫ್‌ಎಂಸಿಡಬ್ಲ್ಯು ರಡಾರ್ (ಕಾಕಾ ಹೇಳಿದ ಫ್ರೀಕ್ವೆನ್ಸಿ ಏರಸಿ ಇಳಸೋದೇ) ಅಂತ ಎರಡು ಪುಟ ಓದಿ ಪರೀಕ್ಷೆ ಬರ್ದೀನಿ, ಬಾವಿ ಮಾತು ಆಗ ಯಾರಾದ್ರೂ ಹೇಳಿದ್ರ ಇನ್ನೂ ನಾಕು ಮಾರ್ಕ್ಸ್ ಬರ್ತಿದ್ವು.

ಇದಕ್ಕ ಸೇರಿದ್ದೇ ಇನ್ನೊಂದು, 5ಜಿ ಗದ್ದಲ. 2022ರ ಜನವರಿಯಾಗ ಅಮೆರಿಕದಾಗ 5ಜಿ ಶುರು ಮಾಡೋ ಮುಂದ ಏರ್ ಇಂಡಿಯಾ ಅಲ್ಲಿಗೆ ಹೋಗೋ ಕೆಲವು ಫ್ಲೈಟ್ ರದ್ದು ಮಾಡಿತ್ತಲ್ಲ, ಅದು ಇದೇ ಡಬ್ಬಿ ಸಲುವಾಗಿ. ಅವರ 5ಜಿ 3,700ರಿಂದ 3,980 ಮೆಗಾಹರ್ಟ್ಜ್, ಆಲ್ಟಿಮೀಟರ್ 4,200ಕ್ಕ ಶುರು. ನಡುವ 220 ಮೆಗಾಹರ್ಟ್ಜ್ ಖಾಲಿ ಜಾಗ ಇತ್ತು, ಖರೇ ಅಂದ್ರ 5ಜಿಯವ್ರು ಆಲ್ಟಿಮೀಟರ್ ಜಾಗಕ್ಕ ಬಂದೇ ಇಲ್ಲ. ತೊಂದರೆ ಹಳೇ ಆಲ್ಟಿಮೀಟರ್‌ನಾಗೇ ಇತ್ತು, ಅವು ಮಾಡೋ ಕಾಲಕ್ಕ ಆಜುಬಾಜು ಇಷ್ಟು ಜೋರು ಸಿಗ್ನಲ್ ಯಾವುದೂ ಇರ್ಲಿಲ್ಲ, ಅದಕ್ಕ ಬ್ಯಾರೆ ಫ್ರೀಕ್ವೆನ್ಸಿ ತಡಿಯೋ ಫಿಲ್ಟರ್ ಸಡಿಲ ಇಟ್ಟಿದ್ರು. ನೆಲಕ್ಕ ಬಡ್ದು ಬರೋ ಸಿಗ್ನಲ್ ಭಾಳ ಸಣ್ಣದು, ಬಾಜೂ ಮನ್ಯಾಗ ಡಿಜೆ ಹಚ್ಚಿದ್ರ ನಮ್ಮ ಮನ್ಯಾಗ ಅಜ್ಜಿ ಮಾತು ಕೇಳ್ಸಲ್ಲ ನೋಡ್ರಿ ಹಂಗ. ಆಮ್ಯಾಲ ಫಿಲ್ಟರ್ ಹಾಕಿದ್ರು, ಹೊಸ ಆಲ್ಟಿಮೀಟರ್ ಹಾಕಿದ್ರು, ಅದಕ್ಕ ಅಲ್ಲಿನ ವಿಮಾನಯಾನ ನೋಡ್ಕೊಳ್ಳೋ ಸಂಸ್ಥೆ ಎಫ್‌ಎಎ 2023ರ ಜುಲೈ ಗಡುವು ಕೊಟ್ಟಿತ್ತು.

ನಮ್ಮ ದೇಶದಾಗ ಈ ನಡು ಬ್ಯಾಂಡ್ 5ಜಿ 3,300ರಿಂದ 3,670 ಅದ, ಅಂದ್ರ 530 ಮೆಗಾಹರ್ಟ್ಜ್ ದೂರ. ಇಷ್ಟಾದ್ರೂ 2022ರ ನವೆಂಬರ್‌ನಾಗ ದೂರಸಂಪರ್ಕ ಇಲಾಖೆ ಟೆಲಿಕಾಂ ಕಂಪನಿಗಳಿಗೆ ಬರೆದು, ರನ್‌ವೇದು ಎರಡೂ ತುದಿಯಿಂದ 2.1 ಕಿಲೋಮೀಟರ್, ನಟ್ಟನಡು ಗೆರಿಯಿಂದ 910 ಮೀಟರ್ ಒಳಗ ಈ ಬ್ಯಾಂಡಿನ ಟವರ್ ಹಾಕಬ್ಯಾಡ್ರಿ ಅಂತ ಹೇಳ್ತು. ಹಿಂಗಾಗಿ ಏರ್‌ಪೋರ್ಟ್ ಹತ್ರ 5ಜಿ ಸಿಗ್ತಿರ್ಲಿಲ್ಲ ಅಂತ ಯಾರರ ಬೈದ್ರ ಈ ಥ್ರೆಡ್ ಲಿಂಕ್ ಕಳಸ್ರಿ.

ಬಿದ್ರಿ_ಕಾಕಾ (ಬೀದರ)

ತಂಗೀ, ಡಿಜೆ ಮಾತು ಬರಾಬರ್. ನಿನಗ ನಾಕು ಮಾರ್ಕ್ಸ್ ನಾನೇ ಕೊಟ್ಟೆ.

ಕರಿಮಣ್ಣು (ಚಿಂಚೋಳಿ)

ಕಾಕಾ ನಂದೂ ಒಂದು ಕೇಳೋದದ. ತೊಗರಿ ಎದಿಮಟ್ಟ ಬೆಳದಿರ್ತದ. ರೇಡಿಯೋ ತೊಗರಿ ತೆಲಿ ಮ್ಯಾಲಿಂದ ಅಳೀತದೋ, ಬುಡದಾಗಿನ ಮಣ್ಣಿಂದ ಅಳೀತದೋ? ಗುಡ್ಡ ಬಂದ್ರ?

ಬಿದ್ರಿ_ಕಾಕಾ (ಬೀದರ)

ಸ್ವಲ್ಪ ಎಲಿಗೆ ಬಡ್ದು ತಿರುಗ್ತದ, ಸ್ವಲ್ಪ ಒಳಗ ಹೋಗಿ ಮಣ್ಣಿಗೆ ಬಡೀತದ. ಗಿಡ ಒತ್ತಾಗಿ ಇದ್ದಷ್ಟು ಮ್ಯಾಲಿಂದೇ ಲೆಕ್ಕ ಹಿಡೀತದ. ಮಳಿ ಬಂದು ಒದ್ದಿ ಆದ ಮಣ್ಣು, ಒಣ ಮಣ್ಣಿಗಿಂತ ಜೋರಾಗಿ ತಿರುಗಿ ಕಳಸ್ತದ. ಇಳಿಯೋ ಲೆಕ್ಕದಾಗ ಮುಖ್ಯ ಆಗೋದು ರನ್‌ವೇ ಮ್ಯಾಲ ಬಂದ ಮ್ಯಾಲ, ಅಲ್ಲಿ ತೊಗರಿ ಇರಂಗಿಲ್ಲ. ಕಲಬುರಗಿ ರನ್‌ವೇ ಮೂರು ಕಿಲೋಮೀಟರ್‌ಗಿಂತ ಉದ್ದ, ಅಷ್ಟೂ ಸಪಾಟ್.

ಗುಡ್ಡದ ಮಾತು ಬ್ಯಾರೆ. ಈ ಡಬ್ಬಿಗೆ ತನ್ನ ಕೆಳಗ ಏನದ ಅಷ್ಟೇ ಗೊತ್ತು, ಮುಂದ ಏನ್ ಬರ್ತದ ಗೊತ್ತಿಲ್ಲ. ಮಂಗಳೂರಿನಂಥ ಕಡಿ ರನ್‌ವೇ ಗುಡ್ಡದ ತೆಲಿ ಮ್ಯಾಲದ, ಅದಕ್ಕ ಮೊದಲ ಕೆಳಗ ಕೊಳ್ಳ. ಕೊಳ್ಳದ ಮ್ಯಾಲಿದ್ದಾಗ ಎತ್ತರ ದೊಡ್ಡದು ತೋರಸ್ತದ, ಅಂಚು ಬಂದಕೂಡ್ಲೇ ಧಪ್ ಅಂತ ಬೀಳ್ತದ, ವಿಮಾನ ಮಾತ್ರ ತನ್ನ ಇಳಿಜಾರ ದಾರ್ಯಾಗೇ ಇರ್ತದ. ಅದಕ್ಕೇ ಸಾದಾ ಇಳಿಯೋ ಮುಂದ 200 ಫೂಟ್ ಹತ್ರ "ರನ್‌ವೇ ಕಾಣ್ಲತ್ತದೋ ಇಲ್ಲೋ, ಇಳೀಲೋ ಬ್ಯಾಡೋ" ಅನ್ನೋ ತೀರ್ಮಾನಕ್ಕ ಗಾಳಿ ಒತ್ತಡದ ಆಲ್ಟಿಮೀಟರ್ ನೋಡ್ತಾರ. ಚಳಿಗಾಲದಾಗ ದಿಲ್ಲಿಯಂಥ ಕಡಿ ದಟ್ಟ ಮಂಜು ಇದ್ದಾಗ 100 ಫೂಟ್ ತನ, ಅದಕ್ಕೂ ಕೆಳಗ ತನ ಹೋಗ್ಬೇಕಾಗ್ತದ, ಆಗಷ್ಟೇ ರೇಡಿಯೋ ಆಲ್ಟಿಮೀಟರ್ ಮಾತು ನಡೀತದ. ನೆಲ ಹತ್ರ ಬರ್ಲತ್ತದ ಅಂತ "ಪುಲ್ ಅಪ್" ಅಂತ ಒದರೋ ಯಂತ್ರಕ್ಕೂ ಇದೇ ಕಣ್ಣು. ಡಾನ್ ಬೇಟ್‌ಮನ್ ಅನ್ನೋ ಎಂಜಿನಿಯರ್ ಅದನ್ನ ಕೂಡಿಸಿದ್ದು, ಚಲೋ ಇದ್ದ ವಿಮಾನ ಸುಮ್ನ ಹೋಗಿ ಗುಡ್ಡಕ್ಕ ಬಡಿಯೋದು ಅದರಿಂದ ಎಷ್ಟೋ ಕಡಿಮಿ ಆಯ್ತು. ಈಗಿನ ಹೊಸದ್ರಾಗ ಜಿಪಿಎಸ್ಸೂ ನೆಲದ ನಕ್ಷೆನೂ ಸೇರಸ್ಯಾರ, ಮುಂದಿನ ಗುಡ್ಡ ಮೊದಲೇ ಗೊತ್ತಾಗ್ಲಿ ಅಂತ. ರೊಟ್ಟಿ ತಮ್ಮಾ, ಇಲ್ಲಿ ನಿನ್ನ ಜಿಪಿಎಸ್ ಬಂತು ನೋಡು.

ಸೇಡಂ_ರೋಡ್ (ಕಲಬುರಗಿ)

ರಾತ್ರಿ ಊಟಕ್ಕ ಕೂತಾಗ ಅಪ್ಪಗ ಎಲ್ಲಾ ಹೇಳ್ದೆ. ಕರೇಜ್ ಬಾವ್ಯಾಗ ಒದರೋದು ಲಗೂನ ತಿಳೀತು ಅವನಿಗೆ. ತಿಳದ ಮ್ಯಾಲ ರೊಟ್ಟಿ ಮುರ್ಕೋತ ಹೊಸ ಪ್ರಶ್ನಿ ತೆಗದ, "ಹಂಗಾದ್ರ ನಮ್ಮ ಹೊಲದ ಬಾವಿ ಮ್ಯಾಲ ಹಾರಿದ್ರ ಬಾವಿ ಆಳಾನೂ ಕೂಡಿಸಿ ಹೇಳ್ತದೇನು?" ಈಗ ಏನ್ ಹೇಳ್ಲಿ ಕಾಕಾ?

ಬಿದ್ರಿ_ಕಾಕಾ (ಬೀದರ)

ಕೂಡಸಂಗಿಲ್ಲ ಅಂತ ಹೇಳು. ಆಂಟೆನಾ ಬ್ಯಾಟರಿ ಟಾರ್ಚ್ ಇದ್ದಂಗ, ಸೂಜಿ ಹಂಗ ಒಂದೇ ಕಡಿ ಬೀಳಂಗಿಲ್ಲ, ಅಗಲಾಗಿ ಬೀಳ್ತದ. ವಿಮಾನ ಸ್ವಲ್ಪ ಒಂದು ಕಡಿ ವಾಲಿದ್ರೂ ನೆಲ ತಪ್ಪಬಾರ್ದು ಅಂತ ಬೇಕಂತ್ಲೇ ಹಂಗ ಮಾಡಿರ್ತಾರ. 100 ಫೂಟ್ ಮ್ಯಾಲಿಂದ ಕೆಳಗ ಸುಮಾರು 80 ಫೂಟ್ ಅಗಲ ಜಾಗಕ್ಕ ಬೀಳ್ತದ ಅಂತ ಹಿಡಿ. ಅದರಾಗ ಎಲ್ಲಕ್ಕಿಂತ ಮೊದಲ ತಿರುಗಿ ಬಂದಿದ್ದನ್ನೇ ಡಬ್ಬಿ ಹಿಡೀತದ, ಅಂದ್ರ ಹತ್ರ ಇದ್ದ ನೆಲ, ಬಾವಿ ಸುತ್ತಲಿನ ಕಟ್ಟಿ. ಬಾವಿ ತಳದ್ದು ತಡ ಮಾಡಿ ಬರ್ತದ, ಅದನ್ನ ಕೇಳೋರಿಲ್ಲ.

ನಿಮ್ಮ ಅಪ್ಪಾರ ಬಾವಿ 80 ಫೂಟ್‌ಗಿಂತ ಅಗಲ ಇದ್ರ ಮತ್ತ ಹೇಳು, ಲೆಕ್ಕ ತಿರುಗಿ ಮಾಡೋಣು.